ಎರಡು ನೀರಿನ ಮನೆ

“ಇಬ್ಬರು ಕೂಡಿ ಬಾಳಬೇಕಾದರೆ ಯಾರು ಎಷ್ಟು ಬಿಟ್ಟುಕೊಡಬೇಕು, ಗುರುಗಳೇ?”

ಕೇಳಿದವನು ಕಲ್ಮೇಶ. ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಸಂಜೆ ಮಠಕ್ಕೆ ಬಂದು ಗುರುಗಳ ಬಳಿ ಸ್ವಲ್ಪ ಹೊತ್ತು ಕೂತು ಹೋಗುವುದು ಅವನ ರೂಢಿ. ಇನ್ನು ಇಪ್ಪತ್ತು ದಿನಕ್ಕೆ ಅವನ ಮದುವೆ. ಗಣಿತದವನಾದ್ದರಿಂದ ಉತ್ತರವನ್ನೂ ತಾನೇ ತಂದಿದ್ದ. “ಅರ್ಧ ಅವಳು, ಅರ್ಧ ನಾನು. ಇದರಲ್ಲಿ ಅನ್ಯಾಯವಿಲ್ಲ, ಅಲ್ಲವೇ?” ಎಂದ.

ಗುರುಗಳು ನಕ್ಕರು. “ಅನ್ಯಾಯವೇನೂ ಇಲ್ಲ. ಆದರೆ ಒಂದು ಮೀನಿನ ಕತೆ ಇದೆ, ಕೇಳು” ಎಂದು ಹೇಳತೊಡಗಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಮೋಟಾರು ರಿಪೇರಿಯವನಿದ್ದ. ಹೆಸರು ಹೇಳುವುದಿಲ್ಲ, ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಹೇಳಿದರೆ ಬಂದು ನನ್ನ ಜೊತೆ ಜಗಳ ತೆಗೆಯುತ್ತಾನೆ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಬೋರಿನ ಮೋಟಾರು ಸುಟ್ಟರೂ ಅವನ ಅಂಗಡಿಗೇ ಬರಬೇಕು. ವಯಸ್ಸು ಐವತ್ತಮೂರು. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು ಮೀನು ಸಾಕಿದ್ದ.

ಅವು ಆಫ್ರಿಕಾದ ಮಲಾವಿ ಎಂಬ ಸರೋವರದ ಮೀನುಗಳು. ಅಲ್ಲಿ ಬಂಡೆಗಳ ಸಂದಿಯಲ್ಲಿ ವಾಸ, ಬಂಡೆಯ ಮೇಲಿನ ಪಾಚಿಯೇ ಊಟ. ನೀರು ಗಡಸಾಗಿದ್ದಷ್ಟೂ ಅವಕ್ಕೆ ಸುಖ. ಆ ಊರಿನ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಹೊಸ ಕೊಡ ತಂದರೆ ತಿಂಗಳಿಗೇ ಒಳಗೆ ಸುಣ್ಣ ಕಟ್ಟುತ್ತದೆ. ಜನರೆಲ್ಲ ಬೈಯುವ ಆ ನೀರಿನಲ್ಲಿ ಅವನ ಮೀನುಗಳು ಮದುವೆಮನೆಯವರಂತೆ ಓಡಾಡುತ್ತಿದ್ದವು. ಅವುಗಳಲ್ಲಿ ನೀಲಿ ಮೈಯ, ಕಪ್ಪು ಪಟ್ಟೆಯ ಒಂದು ಗಂಡಿಗೆ ಪೈಲ್ವಾನ ಎಂದು ಹೆಸರಿಟ್ಟಿದ್ದ. ಬೆಳಗಿನಿಂದ ಸಂಜೆಯವರೆಗೆ ಯಾರನ್ನಾದರೂ ಅಟ್ಟಿಸಿಕೊಂಡು ಹೋಗುವುದೇ ಅದರ ಉದ್ಯೋಗ.

ಅದೇ ಊರಿಗೆ ಕರಾವಳಿಯಿಂದ ಒಬ್ಬ ಹೊಲಿಗೆಯಮ್ಮ ಬಂದಳು. ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದಳು. ಅಣ್ಣನಿಗೆ ಬ್ಯಾಂಕಿನ ಕೆಲಸ, ವರ್ಗವಾದಾಗ ಅವಳೂ ಜೊತೆಗೆ ಬಂದಿದ್ದಳು. ಅವಳ ಬಳಿಯೂ ಒಂದು ತೊಟ್ಟಿ ಇತ್ತು, ಅದರಲ್ಲಿ ಆರು ಡಿಸ್ಕಸ್ ಮೀನು. ತಟ್ಟೆಯಷ್ಟು ದುಂಡಗೆ, ಕೇಸರಿ ಬಣ್ಣ, ಗದ್ದಲ ಗೊತ್ತಿಲ್ಲ. ಅವುಗಳ ತವರು ಅಮೆಜಾನ್ ನದಿ. ಉದುರಿದ ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ, ಬೆಚ್ಚನೆಯ, ಮಳೆನೀರಿನಷ್ಟು ಮೆತ್ತನೆಯ ನೀರು ಅವಕ್ಕೆ ಬೇಕು. ಆದ್ದರಿಂದ ಅವಳು ಶುದ್ಧ ನೀರಿನ ಘಟಕದಿಂದ ಕ್ಯಾನುಗಳಲ್ಲಿ ನೀರು ತರಿಸಿ, ನಾಲ್ಕು ಕ್ಯಾನಿಗೆ ಒಂದು ಕ್ಯಾನ್ ಬೋರಿನ ನೀರು ಬೆರೆಸಿ ತೊಟ್ಟಿಗೆ ಹಾಕುತ್ತಿದ್ದಳು. ನಾವು ಬೋರಿನ ನೀರು ಕುಡಿಯುತ್ತೇವೆ, ಇವಳ ಮೀನು ಫಿಲ್ಟರ್ ನೀರು ಕುಡಿಯುತ್ತದೆ ಎಂದು ಬೀದಿಯವರು ಆಡಿಕೊಂಡು ನಕ್ಕರು. ಅವಳೂ ಅವರ ಜೊತೆ ಸೇರಿ ನಕ್ಕಳು.

ಒಂದು ದಿನ ಅವಳ ತೊಟ್ಟಿಗೆ ಗಾಳಿ ಬಿಡುವ ಪುಟ್ಟ ಪಂಪು ಕೆಟ್ಟಿತು. ರಿಪೇರಿಗೆ ಅವನ ಅಂಗಡಿಗೆ ತಂದಳು. ಅವನು ಅದನ್ನು ಬಿಚ್ಚುತ್ತಾ, “ಯಾವ ಮೀನು ಸಾಕೀರ್ರೀ?” ಎಂದು ಕೇಳಿದ. ಅಲ್ಲಿಗೆ ಶುರುವಾಯಿತು. ಆ ಪಂಪು ಮುಂದಿನ ನಾಲ್ಕು ತಿಂಗಳಲ್ಲಿ ಏಳು ಸಲ ಕೆಟ್ಟಿತು. ಅಷ್ಟು ಕೆಡುವ ಪಂಪು ಲೋಕದಲ್ಲಿ ಎಲ್ಲೂ ಇಲ್ಲ, ಅದು ಅವನಿಗೂ ಗೊತ್ತಿತ್ತು. ಎಂಟನೆಯ ಸಲ ಪಂಪು ಕೆಡಲಿಲ್ಲ, ಅವಳು ಬರಿಗೈಯಲ್ಲೇ ಬಂದಳು. ಮುಂದಿನ ತಿಂಗಳು ಇಬ್ಬರೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆಯಾದರು.

ಹಾರ ಬದಲಾಯಿಸುವಾಗ ಅವನಿಗೆ ಸಂತೋಷವಾಯಿತು, ಹೆದರಿಕೆಯೂ ಆಯಿತು. ಅವನೂ ಮೊದಲ ಹೆಂಡತಿಯೂ ಇಪ್ಪತ್ತು ವರ್ಷ ದಿನಾ ಕೂಗಾಡಿಕೊಂಡು ಬದುಕಿದ್ದರು. ಅವಳು ಆಸ್ಪತ್ರೆಗೆ ಸೇರಿದ ದಿನದ ಬೆಳಿಗ್ಗೆಯೂ ಒಂದು ಚಹಾದ ವಿಷಯಕ್ಕೆ ಅವನು ಕೂಗಾಡಿದ್ದ. ಆ ಕೂಗು ಇನ್ನೂ ಅವನ ಎದೆಯಲ್ಲಿ ಚುಚ್ಚುತ್ತಿತ್ತು. ಈ ಸಲ ದನಿ ಎತ್ತಬಾರದು, ಏನೇ ಆದರೂ ಅರ್ಧ ಬಿಟ್ಟುಕೊಡಬೇಕು ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ಹೊಲಿಗೆಯಮ್ಮನೂ ಮೃದು ಸ್ವಭಾವದವಳು. ಇನ್ನೊಬ್ಬರ ಮನೆಗೆ ಬಂದಿದ್ದೇನೆ, ತಗ್ಗಿಬಗ್ಗಿ ಇರಬೇಕು ಎಂದುಕೊಂಡಳು. ಇಬ್ಬರೂ ಒಳ್ಳೆಯವರು. ತೊಂದರೆಯಾದದ್ದು ಅದರಿಂದಲೇ.

“ಮನಿ ಒಂದಾತು. ಇನ್ನ ಎರಡು ತೊಟ್ಟಿ ಯಾಕ್ರೀ?” ಎಂದ ಅವನು.

“ಹೌದಲ್ಲ, ಒಟ್ಟಿಗೇ ಇರ್ಲಿ, ಚಂದ ಉಂಟು” ಎಂದಳು ಅವಳು.

ಐದಡಿ ಉದ್ದದ ಹೊಸ ತೊಟ್ಟಿ ಬಂತು. ಹಳೆಯ ಎರಡೂ ಅಟ್ಟ ಸೇರಿದವು. ಎರಡೂ ಜಾತಿ ಹೊಂದುತ್ತವೆಯೇ ಎಂದು ಮೀನಿನ ಅಂಗಡಿಯವನನ್ನು ಕೇಳಿದಾಗ, ಅವನು ಎರಡೂ ಸಿಕ್ಲಿಡ್ ಎಂಬ ಒಂದೇ ಕುಲಕ್ಕೆ ಸೇರಿದವು, ಹೆದರಬೇಡಿ ಎಂದುಬಿಟ್ಟ. ಒಂದೇ ಕುಲ ಎಂದ ಮೇಲೆ ಮುಗಿಯಿತಲ್ಲ! ನಮ್ಮ ಜನಕ್ಕೆ ಅಷ್ಟು ಸಾಕು. ಆ ಒಂದು ಕುಲದ ಎರಡು ಕವಲುಗಳ ನಡುವೆ ಒಂದು ಮಹಾಸಾಗರವೇ ಇದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ನೀರು ಯಾವುದು ಎಂಬ ಪ್ರಶ್ನೆ ಬಂತು. ಅರ್ಧ ಬೋರು, ಅರ್ಧ ಕ್ಯಾನು. ಅವಳ ಮೀನಿಗೆ ನೀರು ಬೆಚ್ಚಗಿರಬೇಕು, ಅವನ ಮೀನಿಗೆ ಅಷ್ಟು ಬೆಚ್ಚಗೆ ಆಗದು. ಹೀಟರನ್ನು ನಡುವಿನ ಗೆರೆಗೆ ತಿರುಗಿಸಿದರು. ಅರ್ಧ ತೊಟ್ಟಿಗೆ ಅವನ ಕಲ್ಲು, ಅರ್ಧ ತೊಟ್ಟಿಗೆ ಅವಳ ಗಿಡ. ಬೆಳಿಗ್ಗೆ ಅವನ ಮೀನಿಗೆ ಸೊಪ್ಪಿನ ಕಾಳು, ಸಂಜೆ ಅವಳ ಮೀನಿಗೆ ಅರೆದ ಸಿಗಡಿ. ಇದಕ್ಕಿಂತ ನ್ಯಾಯವಾಗಿ ಯಾವ ಪಂಚರೂ ಹಂಚಲಾರರು.

ಮನೆಯಲ್ಲೂ ಹಾಗೆಯೇ ನಡೆಯಿತು. ಮಧ್ಯಾಹ್ನ ಒಂದು ರೊಟ್ಟಿ, ಒಂದು ಮುಷ್ಟಿ ಅನ್ನ, ಇಬ್ಬರ ತಟ್ಟೆಯಲ್ಲೂ ಅಷ್ಟೇ. ರೊಟ್ಟಿ ಉಂಡು ಬೆಳೆದವನಿಗೆ ಹೊಟ್ಟೆ ತುಂಬಲಿಲ್ಲ. ಅನ್ನ ಉಂಡು ಬೆಳೆದವಳಿಗೆ ದವಡೆ ನೋಯಿತು. ಸಾರಿಗೆ ಅವನ ಅರ್ಧ ಖಾರ, ಅವಳ ಅರ್ಧ ಹುಳಿ ಬಿತ್ತು. ಅದು ಯಾವ ಸೀಮೆಯ ಸಾರೂ ಆಗಲಿಲ್ಲ. ಫ್ಯಾನು ಅವಳಿಗೆ ಐದರಲ್ಲಿರಬೇಕು, ಅವನಿಗೆ ಒಂದರಲ್ಲಿ. ಅದು ಮೂರರಲ್ಲಿ ತಿರುಗಿತು. ಅವಳು ಬೆವರಿದಳು, ಅವನು ಹೊದ್ದುಕೊಂಡ. “ಹೆಂಗೈತ್ರಿ?” ಎಂದು ಅವನು ಕೇಳುವುದು, “ಒಳ್ಳೇದುಂಟು” ಎಂದು ಅವಳು ಹೇಳುವುದು. ಐದು ತಿಂಗಳು ಇಬ್ಬರೂ ಒಬ್ಬರ ಮನೆಗೊಬ್ಬರು ನೆಂಟರಾಗಿ ಬಂದವರಂತೆ ಇದ್ದರು.

ಮೀನಿಗೆ ಮರ್ಯಾದೆಯ ಮಾತು ಬರುವುದಿಲ್ಲ. ಡಿಸ್ಕಸ್‌ಗಳ ಕೇಸರಿ ಬಣ್ಣ ಮಾಸಿ ಕಪ್ಪಾಯಿತು. ಆರೂ ಸೇರಿ ಒಂದು ಮೂಲೆಗೆ ಮುಖ ಮಾಡಿ ನಿಂತವು, ಊಟ ಬಿಟ್ಟವು. ಹತ್ತಿರ ಬಂದ ಪೈಲ್ವಾನನ ಕಡೆಯವರು ಅವುಗಳ ಈಜುರೆಕ್ಕೆ ಕಚ್ಚಿ ಹೋಗುತ್ತಿದ್ದರು. ಪೈಲ್ವಾನನೂ ಸುಖವಾಗಿರಲಿಲ್ಲ. ಡಿಸ್ಕಸ್‌ಗಳು ಬಿಟ್ಟ ಸಿಗಡಿಯನ್ನೆಲ್ಲ ಅದೇ ಬಾಚಿ ತಿಂದು, ಪಾಚಿ ತಿನ್ನುವ ಹೊಟ್ಟೆಗೆ ಅದು ದಕ್ಕದೆ, ಹೊಟ್ಟೆ ಊದಿಸಿಕೊಂಡು ಕಲ್ಲಿನ ಹಿಂದೆ ಬಿದ್ದಿತ್ತು. ಅದು ಯಾರನ್ನೂ ಅಟ್ಟದೆ ಎರಡು ದಿನವಾದಾಗ ಮೋಟಾರಿನವನಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ.

ಅವನ ತಂಗಿ ಬಂದು ತೊಟ್ಟಿ ನೋಡಿದಳು, ಅಣ್ಣನ ಮುಖ ನೋಡಿದಳು. “ನಾ ಮೊದಲ ಹೇಳಿದ್ದೆ, ಘಟ್ಟದ ಕೆಳಗಿನವರು ನಮಗ ಹೊಂದೂದಿಲ್ಲಂತ. ಮೀನ ಹೇಳಾಕತ್ತಾವ ನೋಡು” ಎಂದು ಹೇಳಿ ಹೋದಳು. ಒಳಗೆ ಹೊಲಿಗೆಯ ಯಂತ್ರದ ಸದ್ದು ನಿಂತದ್ದು ಅವನಿಗೆ ಕೇಳಿಸಿತು.

ಆ ವಾರವೇ ಅವಳ ಅಣ್ಣನಿಗೆ ಮತ್ತೆ ಕರಾವಳಿಗೆ ವರ್ಗವಾಯಿತು. ಸಾಮಾನಿನ ಲಾರಿ ಸೋಮವಾರ ಹೊರಡುವುದಿತ್ತು. ಭಾನುವಾರ ಊಟವಾದ ಮೇಲೆ ಅವಳು ಎಲೆಯಡಿಕೆಯ ತಟ್ಟೆಯನ್ನು ಅವನ ಮುಂದಿಟ್ಟು ಹೇಳಿದಳು: “ಅಣ್ಣ ಕರೀತಾ ಇದ್ದಾನೆ. ಮೀನು ಸುಧಾರಿಸುವವರೆಗೆ ಹೋಗಿ ಬರ್ತೇನೆ. ಅಲ್ಲಿಯ ನೀರು ಅವಕ್ಕೆ ಒಗ್ತದೆ.”

ಮೀನು ಸುಧಾರಿಸಿದ ಮೇಲೆ ಅವಳು ಬರುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಹೋಗಬೇಡ ಎನ್ನಬೇಕೆನಿಸಿತು. ಆದರೆ ಆಣೆ ಇತ್ತಲ್ಲ. “ಆಗ್ಲಿ, ನಿಮಗ ಹೆಂಗ ಅನಕೂಲನೋ ಹಂಗ” ಎಂದ. ಅವಳು ತಲೆ ತಗ್ಗಿಸಿ ಎದ್ದು ಹೋದಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಡಿಸ್ಕಸ್ ಹಿಡಿಯಲು ನಿಂತರು. ತೊಟ್ಟಿಯಲ್ಲಿ ಕಲ್ಲಿರುವಾಗ ಮೀನು ಬಲೆಗೆ ಸಿಗುವುದಿಲ್ಲ, ಮೊದಲು ಕಲ್ಲು ತೆಗೆಯಬೇಕು. ಅವನು ತೋಳು ಮೇಲೇರಿಸಿ ಒಂದೊಂದೇ ಕಲ್ಲೆತ್ತಿ ಬಕೆಟ್ಟಿಗೆ ಹಾಕಿದ. ಕೊನೆಯ ಕಲ್ಲೆತ್ತಿದಾಗ ಅದರ ಹಿಂದೆ ಪೈಲ್ವಾನ ವಾಲಿಕೊಂಡಿತ್ತು, ಹೊಟ್ಟೆ ನಿಂಬೆಹಣ್ಣಿನಂತೆ ಊದಿತ್ತು. ಅವಳು ಬಲೆ ಕೆಳಗಿಟ್ಟಳು.

“ಅಯ್ಯೋ, ಇದಕ್ಕೆ ಸಿಗಡಿ ಆಗುದಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ? ಹೇಳ್ಬಾರ್ದಿತ್ತಾ?”

“ನಿಮ್ಮ ಮೀನಿಗೆ ಬೇಕಾಗಿತ್ತಲ್ರೀ. ಅದಕ್ಕ ಸುಮ್ಮನಿದ್ದೆ.”

“ನನ್ನ ಮೀನಿಗೆ ಈ ನೀರು ಆಗುದಿಲ್ಲ ಅಂತ ನಂಗೂ ಗೊತ್ತಿತ್ತು. ನಿಮ್ಮ ಮೀನಿಗೆ ಬೇಕು ಅಂತ ನಾನೂ ಸುಮ್ಮನಿದ್ದೆ.” ಅವಳ ದನಿ ಏರಿತು. “ಐದು ತಿಂಗಳಾಯ್ತು. ನಾನು ಎಂತ ಹೇಳಿದ್ರೂ ಹೂಂ, ಎಂತ ಬಡಿಸಿದ್ರೂ ಹೂಂ. ಇವತ್ತು ಹೊರಟು ನಿಂತಿದ್ದೇನೆ, ಅದಕ್ಕೂ ಹೂಂ! ನಿಮಗೆ ಎಂತ ಬೇಕು ಮಾರಾಯ್ರೇ? ಒಂದು ಸಲ ಬಾಯಿಬಿಟ್ಟು ಹೇಳಿ!”

“ರೊಟ್ಟಿ!” ಎಂದು ಅವನು ಕಿರುಚಿದ.

ಕಿಟಕಿಯ ಗಾಜು ಅದುರಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅವನಿಗೇ ಗಾಬರಿಯಾಯಿತು, ಆದರೆ ಬಾಯಿ ತಡೆಯಲಾಗಲಿಲ್ಲ. “ಮೂರು ರೊಟ್ಟಿ ಬೇಕು! ಖಾರ ಬೇಕು! ಅನ್ನ ಉಂಡರ ತಾಸಿಗೇ ಹಸಿವಾಕ್ಕೈತಿ ನನಗ! ಆ ಫ್ಯಾನಿನ ಗಾಳಿಗೆ ಐದು ತಿಂಗಳಿಂದ ಕುತಿಗಿ ಹಿಡದೈತಿ!” ಉಸಿರು ತೆಗೆದುಕೊಂಡ. ಒದ್ದೆ ಕೈಯಿಂದ ಕಣ್ಣೊರೆಸಿಕೊಂಡ. “ನೀವು ಹೋಗೂದು ಬ್ಯಾಡ. ಅದು ಎಲ್ಲಾಕ್ಕಿಂತ ಮೊದಲ ಬೇಕು.”

ಮಾತು ಮುಗಿದ ಮೇಲೆ ಅವನು ಕಣ್ಣು ಮುಚ್ಚಿಕೊಂಡ. ಕೂಗಾಡಿದೆ, ಇನ್ನು ಮುಗಿಯಿತು ಎಂದುಕೊಂಡ. ಕಣ್ಣು ತೆರೆದು ನೋಡಿದರೆ ಅವಳು ನಗುತ್ತಿದ್ದಳು. ಸೆರಗು ಬಾಯಿಗೆ ಹಿಡಿದರೂ ನಗು ನಿಲ್ಲುತ್ತಿರಲಿಲ್ಲ.

“ಇಷ್ಟು ದೊಡ್ಡ ಸ್ವರ ಉಂಟಾ ನಿಮಗೆ?” ಎಂದಳು. “ಇಷ್ಟು ದಿನ ಎಲ್ಲಿಟ್ಟಿದ್ರಿ?”

ಆಮೇಲೆ ಅವಳ ಸರದಿ ಬಂತು. ರೊಟ್ಟಿ ಅಗಿದು ಅಗಿದು ದವಡೆ ಬಿದ್ದುಹೋಗಿದೆ ಎಂದಳು. ಆ ಸಾರನ್ನು ಬೀದಿಯ ನಾಯಿಯೂ ಮೂಸುವುದಿಲ್ಲ ಎಂದಳು. ಬೆವರಿ ಬೆವರಿ ಮೈಯೆಲ್ಲ ಬೊಕ್ಕೆ ಎಂದಳು. ಅವನು ಒಂದೊಂದಕ್ಕೂ ನಕ್ಕ. ಹೊರಗೆ ನಿಂತಿದ್ದವರಿಗೆ ಮೊದಲು ಜಗಳ ಕೇಳಿಸಿತು, ಆಮೇಲೆ ನಗು ಕೇಳಿಸಿತು, ಯಾವುದನ್ನು ನಂಬಬೇಕೋ ತಿಳಿಯದೆ ಅವರು ತಮ್ಮ ದಾರಿ ಹಿಡಿದರು. ಲಾರಿ ಬಂದು ಹಾರನ್ ಹೊಡೆದಾಗ ಇಬ್ಬರೂ ಅಟ್ಟದ ಮೇಲಿದ್ದರು, ಹಳೆಯ ತೊಟ್ಟಿ ಇಳಿಸುತ್ತಿದ್ದರು. ಅವಳು ಅಲ್ಲಿಂದಲೇ ಇಣುಕಿ ಅಣ್ಣನಿಗೆ ಹೋಗಿ ಬಾ ಎಂದಳು.

ಅವನ ಮೀನು ಅವನ ಹಳೆಯ ತೊಟ್ಟಿಗೆ ಹೋದವು. ಅದಕ್ಕೆ ಬರಿ ಬೋರಿನ ನೀರು, ತುಂಬ ಕಲ್ಲು. ಹೊಸ ಐದಡಿ ತೊಟ್ಟಿಯನ್ನು ಬರಿದು ಮಾಡಿ ತೊಳೆದು ಅವಳ ಮೀನಿಗೆ ಬಿಟ್ಟರು. ಅದಕ್ಕೆ ಕ್ಯಾನಿನ ನೀರು, ಬೆಚ್ಚನೆಯ ಹೀಟರು, ನೀರಿಗೆ ಚಹಾದ ಬಣ್ಣ ಬಿಡುವ ಒಣಗಿದ ಬಾದಾಮಿ ಎಲೆ. ಅವಳ ಹಳೆಯ ತೊಟ್ಟಿ ಸೋರುತ್ತಿತ್ತು, ಅದರಲ್ಲಿ ಕೊತ್ತಂಬರಿ ಹಾಕಿದರು. ಅಡುಗೆಮನೆಯಲ್ಲಿ ಒಂದು ಒಲೆಯ ಮೇಲೆ ರೊಟ್ಟಿ, ಇನ್ನೊಂದರ ಮೇಲೆ ಕುಚ್ಚಲಕ್ಕಿ. ಫ್ಯಾನಿನ ಕೆಳಗೆ ಅವಳ ಮಂಚ, ಕಿಟಕಿಯ ಬಳಿ ಅವನದು, ನಡುವೆ ಮಾತನಾಡಲು ಸಾಕಷ್ಟು ಜಾಗ.

ಪೈಲ್ವಾನನನ್ನು ಉಳಿಸಿದವಳು ಅವಳೇ. ಮೂರು ದಿನ ಉಪವಾಸ ಹಾಕಿ, ಆಮೇಲೆ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಉಗುರಿನಲ್ಲಿ ಹಿಸುಕಿ ತಿನ್ನಿಸಿದಳು. ಹತ್ತನೆಯ ದಿನ ಅದು ಎದ್ದು ತನ್ನ ಹಳೆಯ ಉದ್ಯೋಗಕ್ಕೆ ಹಾಜರಾಯಿತು. ಅವನೋ, ಮೂರು ದಿನಕ್ಕೊಮ್ಮೆ ಸೈಕಲ್ಲಿಗೆ ನಾಲ್ಕು ಕ್ಯಾನು ಕಟ್ಟಿಕೊಂಡು ನೀರಿನ ಘಟಕಕ್ಕೆ ಹೋಗುತ್ತಿದ್ದ. ಸಾಲಿನಲ್ಲಿ ನಿಂತವರು ತಮಾಷೆ ಮಾಡಿದರೆ, ಡಿಸ್ಕಸ್‌ಗೆ ಮೆತ್ತನೆಯ ನೀರು ಏಕೆ ಬೇಕು ಎಂದು ಅರ್ಧ ಗಂಟೆ ಪಾಠ ಹೇಳುತ್ತಿದ್ದ. ಎರಡನೆಯ ಸಲ ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಎರಡು ಡಿಸ್ಕಸ್ ಜೋಡಿಯಾಗಿ ಮೊಟ್ಟೆಯಿಟ್ಟವು. ಆ ಮೀನಿನ ಮರಿಗಳು ಮೊದಲ ದಿನಗಳಲ್ಲಿ ತಂದೆತಾಯಿಯ ಮೈಗೆ ಅಂಟಿಕೊಂಡು, ಅವುಗಳ ಮೈಮೇಲಿನ ಲೋಳೆಯನ್ನೇ ಉಂಡು ಬೆಳೆಯುತ್ತವೆ. ತಾಯಿಗೆ ದಣಿವಾದರೆ ಮೈ ಕೊಡವಿ ತಂದೆಯ ಮೈಗೆ ದಾಟಿಸುತ್ತದೆ. ಅದನ್ನು ಮೊದಲು ನೋಡಿದವನು ಮೋಟಾರಿನವನು. ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಕಿ ಬೀದಿಗೆ ಓಡಿ, “ನಮ್ಮ ಮನ್ಯಾಗ ಮಕ್ಕಳಾಗ್ಯಾವ, ಬರ್ರಿ!” ಎಂದು ಕೂಗಿದ. ಐವತ್ತು ದಾಟಿದ ದಂಪತಿಗೆ ಮಕ್ಕಳೇ ಎಂದು ಇಡೀ ಬೀದಿ ಓಡಿಬಂತು. ಅವನ ತಂಗಿಯೂ ಬಂದಳು. ಗಾಜಿಗೆ ಮೂಗು ಒತ್ತಿ ಒಂದು ತಾಸು ನಿಂತಳು, ಹೋಗುವಾಗ ಅತ್ತಿಗೆ ಎಂದು ಮೊದಲ ಸಲ ಕರೆದಳು. ದಂಪತಿ ಬಂದವರಿಗೆಲ್ಲ ಸಕ್ಕರೆ ಹಂಚಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕಲ್ಮೇಶನ ಮುಖ ಅರಳಿತ್ತು. ಆದರೂ ಒಂದು ಅನುಮಾನ ಉಳಿದಿತ್ತು.

“ಹಾಗಾದರೆ ಯಾರೂ ಏನೂ ಬಿಡಬೇಕಾಗಿಲ್ಲವೇ, ಗುರುಗಳೇ?”

“ಯಾಕಿಲ್ಲ? ನಡುಕೋಣೆ ತುಂಬ ತೊಟ್ಟಿ. ಕೂರುವುದಕ್ಕೆ ಜಾಗ ಬಿಟ್ಟುಕೊಟ್ಟರು. ನಾನು ಹೋದಾಗಲೆಲ್ಲ ಹೊಸ್ತಿಲ ಮೇಲೆ ಕೂತೇ ಚಹಾ ಕುಡಿಯುವುದು.”

ಕಲ್ಮೇಶ ಜೋರಾಗಿ ನಕ್ಕ. ಎದ್ದು ನಮಸ್ಕರಿಸಿದ. “ತಿಳಿಯಿತು ಗುರುಗಳೇ. ಅರ್ಧರ್ಧದ ಲೆಕ್ಕ ಬಿಟ್ಟೆ. ಅವಳಿಗೆ ಬೇಕಾದ ನೀರು ಅವಳಿಗೆ, ನನಗೆ ಬೇಕಾದ ನೀರು ನನಗೆ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಗುರುಗಳು ಕರೆದು ನಿಲ್ಲಿಸಿದರು.

“ನಾಲ್ಕು ತಿಂಗಳಿಂದ ದಿನಾ ಫೋನಿನಲ್ಲಿ ಮಾತಾಡುತ್ತೀಯಲ್ಲ ಕಲ್ಮೇಶ, ಆ ಹುಡುಗಿಗೆ ಏನು ಇಷ್ಟ, ಒಂದು ಹೇಳು ಕೇಳೋಣ.”

“ಅದನ್ನೇ ಇನ್ನೂ ಕೇಳಿಲ್ಲ ಗುರುಗಳೇ” ಎಂದು ಕಲ್ಮೇಶ ಜೇಬಿನಿಂದ ಫೋನು ತೆಗೆದ.